ಉರಿಯುವ ಮನೆಯಲ್ಲಿ ಗಳ ಹಿರಿಯುವವರು

ಬಿದಿರು ಗಳಗಳ ಮೇಲೆ ಹುಲ್ಲು ಹೊದಿಸಿದ ಮನೆಗಳ ಕಾಲದಲ್ಲಿ ಹುಟ್ಟಿದ ಮಾತೊಂದು ಕನ್ನಡದಲ್ಲಿದೆ: ಉರಿಯುವ ಮನೆಯಲ್ಲಿ ಗಳ ಹಿರಿಯುವುದು. ಮನೆ ಹೊತ್ತಿಕೊಂಡಾಗ ಊರವರೆಲ್ಲ ನೀರಿನ ಕೊಡ ಹಿಡಿದು ಓಡಿಬರುತ್ತಾರೆ. ಆ ಗದ್ದಲದಲ್ಲಿ ಒಬ್ಬ ಮಾತ್ರ ಇನ್ನೂ ಸುಡದ ಗಳವೊಂದನ್ನು ಎಳೆದುಕೊಂಡು ಮೆಲ್ಲನೆ ಜಾಗ ಖಾಲಿ ಮಾಡುತ್ತಾನೆ. ಪರರ ಸಂಕಟದಲ್ಲಿ ಲಾಭ ಹುಡುಕುವವನನ್ನು ಕುರಿತ ಮಾತಿದು.

ಗಳ ಹಿರಿಯುವವನಿಗಿಂತ ನಾಜೂಕಿನವನು ಇನ್ನೊಬ್ಬನಿದ್ದಾನೆ. ಅವನು ಬರುವುದು ಬೆಂಕಿ ಆರಿದ ಮೇಲೆ, ನೆರೆ ಇಳಿದ ಮೇಲೆ, ನೆಲ ನಡುಗಿ ನಿಂತ ಮೇಲೆ. ಅವನು ಕದಿಯಲು ಬಂದವನಂತೆ ಕಾಣುವುದಿಲ್ಲ. ‘ಮಳೆಗಾಲದೊಳಗೆ ನಿಮ್ಮ ಮನೆ ಎಬ್ಬಿಸಿ ಕೊಡುತ್ತೇನೆ, ಸಾಮಾನು ತರಲು ಮುಂಗಡ ಕೊಡಿ’ ಎನ್ನುತ್ತಾನೆ. ಸೂರಿಲ್ಲದೆ ಕುಳಿತ ಸಂಸಾರಕ್ಕೆ ಆ ಮಾತು ದೇವರ ಮಾತಿನಂತೆ ಕೇಳಿಸುತ್ತದೆ. ಹಣ ಪಡೆದವನು ಮರುದಿನ ಬಾರದಿರಬಹುದು. ಬಂದು ಗೋಡೆ ಎಬ್ಬಿಸಿದರೂ ಅದು ಮುಂದಿನ ಗಾಳಿಗೆ ನಿಲ್ಲದಿರಬಹುದು. ಪ್ರಕೃತಿ ಒಮ್ಮೆ ಕಸಿದುಕೊಂಡದ್ದನ್ನು ಮನುಷ್ಯ ಎರಡನೆಯ ಸಲ ಕಸಿದುಕೊಳ್ಳುವುದು ಹೀಗೆ.

ಈ ಎರಡನೆಯ ನಷ್ಟವನ್ನು ತಡೆಯುವುದು ಹೇಗೆಂಬ ಪ್ರಶ್ನೆ ಬಹಳ ಹಳೆಯದು. ಕ್ರಿಸ್ತಪೂರ್ವ 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲೇ ಮನೆ ಕಟ್ಟುವವನ ಹೊಣೆಯನ್ನು ಕುರಿತ ಕಟ್ಟಳೆಗಳಿವೆ. ಕಟ್ಟಿದ ಮನೆ ಕುಸಿದು ಮನೆಯೊಡೆಯ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ವಸ್ತುಗಳು ಹಾಳಾದರೆ ಅವನ್ನು ತುಂಬಿಕೊಟ್ಟು, ಮನೆಯನ್ನು ತನ್ನ ಖರ್ಚಿನಲ್ಲೇ ಮತ್ತೆ ಕಟ್ಟಿಕೊಡಬೇಕು. ಗೋಡೆ ವಾಲಿದರೆ ತನ್ನ ದುಡ್ಡಿನಿಂದಲೇ ಭದ್ರಪಡಿಸಬೇಕು. ಶಿಕ್ಷೆ ಎಷ್ಟೇ ಕಠೋರವಾಗಿದ್ದರೂ ಈ ಕಾನೂನು ಒಂದು ಸಂಗತಿಯನ್ನು ಮೊದಲೇ ನಂಬಿಕೊಂಡಿದೆ: ಕಟ್ಟಿದವನು ಯಾರೆಂದು ಊರಿಗೆ ಗೊತ್ತಿದೆ, ಕರೆದರೆ ಸಿಗುತ್ತಾನೆ ಎಂದು. ದೊಡ್ಡ ವಿಪತ್ತಿನ ನಂತರ ಸುಳ್ಳಾಗುವುದು ಈ ನಂಬಿಕೆಯೇ. ಒಂದೇ ದಿನ ಸಾವಿರಾರು ಮನೆಗಳಿಗೆ ಕೆಲಸಗಾರರು ಬೇಕಾದಾಗ ಊರಿನ ಮೇಸ್ತ್ರಿಗಳು ಸಾಲುವುದಿಲ್ಲ. ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳಲೇಬೇಕಾಗುತ್ತದೆ. ಈ ಇಕ್ಕಟ್ಟನ್ನು ಕಾನೂನಿನ ಮೂಲಕ ಎದುರಿಸಿದ ಊರುಗಳಲ್ಲಿ 17ನೆಯ ಶತಮಾನದ ಲಂಡನ್ನಿನ ಕಥೆ ವಿಶೇಷವಾದದ್ದು.

ಬೂದಿಯ ಮೇಲಿನ ಬಾಡಿಗೆ

1666ರ ಸೆಪ್ಟೆಂಬರ್ 2, ಭಾನುವಾರ ನಸುಕಿನಲ್ಲಿ ಲಂಡನ್ನಿನ ಪುಡ್ಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಹುಟ್ಟಿದ ಬೆಂಕಿ ನಾಲ್ಕು ದಿನ ಉರಿಯಿತು. ಸುಮಾರು 13,200 ಮನೆಗಳು, 87 ಚರ್ಚುಗಳು ಮತ್ತು ಸೇಂಟ್ ಪಾಲ್ ಮಹಾಮಂದಿರ ಬೂದಿಯಾದವು. ಕೋಟೆಯೊಳಗಿನ ಹಳೆಯ ನಗರದಲ್ಲಿ ಉಳಿದದ್ದು ಅಲ್ಪ. ಮನೆ ಕಳೆದುಕೊಂಡವರು ಊರ ಹೊರಗಿನ ಬಯಲುಗಳಲ್ಲಿ ಡೇರೆ, ಗುಡಿಸಲು ಹಾಕಿಕೊಂಡು ಚಳಿಗಾಲವನ್ನು ಎದುರಿಸಬೇಕಾಯಿತು. ಆಗಿನ್ನೂ ಬೆಂಕಿವಿಮೆ ಇರಲಿಲ್ಲ.

ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಅಂದಿನ ಲಂಡನ್ನಿನಲ್ಲಿ ಬಹುಪಾಲು ಮನೆವಾರ್ತೆಗಳು ದೀರ್ಘಕಾಲದ ಗೇಣಿಯ ಮೇಲೆ ನಡೆಯುತ್ತಿದ್ದವು. ಗೇಣಿಪತ್ರದ ಪ್ರಕಾರ ಮನೆಯ ದುರಸ್ತಿ ಬಾಡಿಗೆದಾರನ ಹೊಣೆ. ಮನೆ ಸುಟ್ಟು ಹೋದರೂ ಬಾಡಿಗೆ ಕೊಡಬೇಕು, ಮನೆಯನ್ನೂ ಅವನೇ ಕಟ್ಟಿಸಬೇಕು! ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡವನು ಬೂದಿಯ ರಾಶಿಗೆ ಬಾಡಿಗೆ ತೆರುವ ಸ್ಥಿತಿ ಅದು.

ಆಡಳಿತದ ಮೊದಲ ಹೆಜ್ಜೆ ಅವಸರಕ್ಕೆ ಕಡಿವಾಣ ಹಾಕುವುದಾಗಿತ್ತು. ಬೆಂಕಿ ಆರಿ ಒಂದು ವಾರವಾಗುವಷ್ಟರಲ್ಲೇ, ಸೆಪ್ಟೆಂಬರ್ 13ರಂದು, ದೊರೆ ಎರಡನೆಯ ಚಾರ್ಲ್ಸ್ ಒಂದು ಘೋಷಣೆ ಹೊರಡಿಸಿದ. ನಿಯಮಗಳು ಗೊತ್ತಾಗುವವರೆಗೆ ಯಾರೂ ಆತುರದಿಂದ ಮನೆ ಎಬ್ಬಿಸಕೂಡದು, ಕಟ್ಟುವಾಗ ಇಟ್ಟಿಗೆ ಅಥವಾ ಕಲ್ಲನ್ನೇ ಬಳಸಬೇಕು, ಮೀರಿ ಕಟ್ಟಿದ್ದನ್ನು ಕೆಡವಲಾಗುವುದು ಎಂಬುದು ಅದರ ಸಾರ. ನಿರಾಶ್ರಿತನಿಗೆ ‘ಕಾಯಿ’ ಎಂದು ಹೇಳುವುದು ನಿಷ್ಠುರದ ಮಾತು. ಆದರೆ ಮೋಸಗಾರನ ಬಂಡವಾಳವೇ ಅವಸರ ಎಂಬುದನ್ನು ನೆನೆದರೆ ಈ ನಿಷ್ಠುರತೆಯ ಅರ್ಥ ಹೊಳೆಯುತ್ತದೆ.

1667ರ ಫೆಬ್ರವರಿಯಲ್ಲಿ ಪಾರ್ಲಿಮೆಂಟ್ ಎರಡು ಕಾನೂನುಗಳನ್ನು ಮಾಡಿತು. ಮೊದಲನೆಯದು ‘ಅಗ್ನಿ ನ್ಯಾಯಾಲಯ’ವನ್ನು ಸ್ಥಾಪಿಸಿತು. ದೇಶದ ಹಿರಿಯ ನ್ಯಾಯಾಧೀಶರು ಕ್ಲಿಫರ್ಡ್ಸ್ ಇನ್ ಎಂಬಲ್ಲಿ ಕುಳಿತು, ಸಂಭಾವನೆ ಪಡೆಯದೆ, ಒಡೆಯ ಮತ್ತು ಬಾಡಿಗೆದಾರರ ವ್ಯಾಜ್ಯಗಳನ್ನು ಬಗೆಹರಿಸಿದರು. ಪತ್ರದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಯಾರು ಮನೆ ಕಟ್ಟಬಲ್ಲರು, ಯಾರು ಎಷ್ಟು ಹೊರೆ ಹೊರಬಲ್ಲರು ಎಂಬುದನ್ನು ಅವರು ನೋಡಿದರು. ಕಟ್ಟಲು ಮುಂದೆ ಬಂದ ಬಾಡಿಗೆದಾರನಿಗೆ ಬಾಡಿಗೆ ಇಳಿಸಿ, ಗೇಣಿಯ ಅವಧಿಯನ್ನು ಹೆಚ್ಚಿಸಿಕೊಟ್ಟರು. ಕೃತಜ್ಞತೆಯಿಂದ ನಗರ ಆ ನ್ಯಾಯಾಧೀಶರ ಭಾವಚಿತ್ರಗಳನ್ನು ಬರೆಸಿ ತನ್ನ ಪುರಭವನ ಗಿಲ್ಡ್‌ಹಾಲ್‌ನಲ್ಲಿ ತೂಗುಹಾಕಿತು.

ಹೊರಗಿನವರಿಗೆ ತೆರೆದ ಬಾಗಿಲು

ಎರಡನೆಯದು ನಗರದ ಪುನರ್ನಿರ್ಮಾಣದ ಕಾನೂನು. ಅದರ ಮಹತ್ವ ತಿಳಿಯಬೇಕಾದರೆ ಬೆಂಕಿಗೆ ಮುಂಚಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಲಂಡನ್ನಿನಲ್ಲಿ ಬಡಗಿಗಳಿಗೊಂದು, ಇಟ್ಟಿಗೆ ಮತ್ತು ಹೆಂಚಿನ ಕೆಲಸದವರಿಗೊಂದು, ಕಲ್ಲುಕುಟಿಗರಿಗೊಂದು ಹೀಗೆ ಕಸುಬಿನ ಸಂಘಗಳಿದ್ದವು. ಸಾಮಾನ್ಯವಾಗಿ ಏಳು ವರ್ಷ ಗುರುವಿನ ಕೈಕೆಳಗೆ ದುಡಿದು ಸಂಘದ ಸದಸ್ಯನಾದವನಿಗೆ ಮಾತ್ರ ನಗರದಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಹಕ್ಕು. ಕಳಪೆ ಕೆಲಸ ಕಂಡರೆ ಸಂಘದ ಹಿರಿಯರು ಪರೀಕ್ಷಿಸಿ ದಂಡ ಹಾಕುತ್ತಿದ್ದರು. ಇಂದಿನ ಲೈಸೆನ್ಸ್ ಎಂಬುದರ ಹಿರಿಯಜ್ಜ ಈ ಸದಸ್ಯತ್ವ. ಹೊರಗಿನಿಂದ ಬಂದ ಕೆಲಸಗಾರ ಅದೇ ಇಂಗ್ಲೆಂಡಿನ ಹಳ್ಳಿಯವನಾದರೂ ನಗರದ ಮಾತಿನಲ್ಲಿ ‘ಪರದೇಶಿ’ ಎನಿಸಿಕೊಳ್ಳುತ್ತಿದ್ದ.

ಈ ವ್ಯವಸ್ಥೆಯಲ್ಲಿ ಮನೆಯೊಡೆಯನಿಗೆ ರಕ್ಷಣೆಯೂ ಇತ್ತು, ತೊಂದರೆಯೂ ಇತ್ತು. ಕೆಲಸಗಾರ ಗೊತ್ತಿದ್ದವನು ಎಂಬುದು ರಕ್ಷಣೆ. ಅವನು ಕೇಳಿದಷ್ಟು ಕೊಡಬೇಕು ಎಂಬುದು ತೊಂದರೆ. ಸಾವಿರಾರು ಮನೆಗಳನ್ನು ಒಮ್ಮೆಗೇ ಕಟ್ಟಬೇಕಾದಾಗ ಸಂಘದವರಷ್ಟೇ ಕೆಲಸ ಮಾಡಬೇಕೆಂದರೆ ಕೂಲಿ ಆಕಾಶಕ್ಕೇರುತ್ತದೆ, ಊರು ಏಳಲು ಒಂದು ತಲೆಮಾರೇ ಬೇಕಾಗುತ್ತದೆ. ಆದ್ದರಿಂದ ಪಾರ್ಲಿಮೆಂಟ್ ಬಾಗಿಲನ್ನು ತೆರೆಯಿತು. ಬಡಗಿಗಳು, ಇಟ್ಟಿಗೆ ಕೆಲಸದವರು, ಕಲ್ಲುಕುಟಿಗರು, ಗಾರೆಯವರು ಯಾವ ಊರಿನವರಾದರೂ ಏಳು ವರ್ಷಗಳವರೆಗೆ, ಅಗತ್ಯವಿದ್ದರೆ ಕೆಲಸ ಮುಗಿಯುವವರೆಗೆ, ಸಂಘದವರಂತೆಯೇ ದುಡಿಯಬಹುದು. ಏಳು ವರ್ಷ ಪೂರ್ತಿ ದುಡಿದವನಿಗೆ ಆ ಹಕ್ಕು ಜೀವನಪರ್ಯಂತ. ಸಂಘಗಳು ಗೊಣಗಿದವು, ದೂರು ಕೊಟ್ಟವು. ಕಾನೂನು ಬದಲಾಗಲಿಲ್ಲ.

ಹಾಗಾದರೆ ಗುರುತಿಲ್ಲದವರ ಕೈಯಿಂದ ಮನೆಯೊಡೆಯನನ್ನು ಕಾಪಾಡುವವರು ಯಾರು? ಕಾನೂನಿನ ಜಾಣ್ಮೆ ಇರುವುದು ಇಲ್ಲಿಯೇ. ಕೆಲಸಗಾರನ ಮೇಲಿದ್ದ ಕಣ್ಣನ್ನು ಅದು ಕೆಲಸದ ಮೇಲೆ ಇರಿಸಿತು. ಮನೆಗಳನ್ನು ನಾಲ್ಕು ಬಗೆಯೆಂದು ವಿಂಗಡಿಸಿತು. ಸಣ್ಣ ಓಣಿಗಳಲ್ಲಿ ಎರಡು ಅಂತಸ್ತು, ದೊಡ್ಡ ಓಣಿಗಳಲ್ಲಿ ಮೂರು, ರಾಜಬೀದಿಗಳಲ್ಲಿ ನಾಲ್ಕು. ಶ್ರೀಮಂತರ ಭವನಗಳಿಗೂ ನಾಲ್ಕೇ ಮಿತಿ. ಪ್ರತಿಯೊಂದು ಬಗೆಗೂ ನೆಲಮಾಳಿಗೆಯ ಗೋಡೆ ಎಷ್ಟು ದಪ್ಪ, ಮೇಲಿನದು ಎಷ್ಟು, ಅಂತಸ್ತುಗಳ ಎತ್ತರವೆಷ್ಟು, ತೊಲೆಗಳ ಗಾತ್ರವೆಷ್ಟು ಎಂದು ಪಟ್ಟಿ ಮಾಡಿಕೊಟ್ಟಿತು. ಎರಡು ಮನೆಗಳ ನಡುವಿನ ಗೋಡೆಯನ್ನು ಮೊದಲು ಕಟ್ಟುವವನು ಪೂರ್ತಿ ಕಟ್ಟಬೇಕು, ನೆರೆಯವನು ತನ್ನ ಮನೆ ಎಬ್ಬಿಸುವಾಗ ಅರ್ಧ ಖರ್ಚನ್ನು ಬಡ್ಡಿಸಮೇತ ಕೊಡಬೇಕು. ಇಟ್ಟಿಗೆ, ಹೆಂಚು, ಸುಣ್ಣದ ಬೆಲೆಯಾಗಲಿ ಕೂಲಿಯಾಗಲಿ ವಿಪರೀತ ಏರಿದರೆ ದರ ನಿಗದಿ ಮಾಡುವ ಅಧಿಕಾರ ನ್ಯಾಯಾಧೀಶರಿಗೆ ದೊರೆಯಿತು. ನಿಯಮ ಮೀರಿದ ಕಟ್ಟಡ ಸಾರ್ವಜನಿಕ ಉಪದ್ರವವೆಂದೇ ಲೆಕ್ಕ. ಕಟ್ಟಿದವನು ಅದನ್ನು ಕೆಡವಬೇಕು, ಇಲ್ಲವೆ ಸೆರೆಗೆ ಹೋಗಬೇಕು.

ಇದನ್ನೆಲ್ಲ ನೋಡಿಕೊಳ್ಳಲು ನಗರ ಸರ್ವೇಯರುಗಳನ್ನು ನೇಮಿಸಿತು. ಅವರಲ್ಲೊಬ್ಬ ರಾಬರ್ಟ್ ಹುಕ್. ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರನ್ನು ನೋಡಿ ‘ಕೋಶ’ಕ್ಕೆ ಹೆಸರಿಟ್ಟವನೆಂದು ಶಾಲೆಯ ಪಾಠದಲ್ಲಿ ಬರುವ ವಿಜ್ಞಾನಿ ಇವನೇ. ಪೀಟರ್ ಮಿಲ್ಸ್ ಮತ್ತು ಜಾನ್ ಆಲಿವರ್ ಅವನ ಜೊತೆಗಾರರು. ಮನೆ ಕಟ್ಟಬೇಕೆಂದವನು ಮೊದಲು ಗಿಲ್ಡ್‌ಹಾಲ್‌ಗೆ ಹೋಗಿ ಆರು ಷಿಲಿಂಗ್ ಎಂಟು ಪೆನ್ಸ್ ಕಟ್ಟಿ ರಶೀದಿ ಪಡೆಯಬೇಕು. ಆ ರಶೀದಿ ತೋರಿಸಿದರೆ ಸರ್ವೇಯರ್ ಬಂದು, ಬೂದಿ ಮತ್ತು ಕಸ ತೆಗೆಸಿದ ನಿವೇಶನದಲ್ಲಿ ನೆರೆಹೊರೆಯವರ ಎದುರಿಗೇ ಅಳತೆ ಮಾಡಿ ಗೂಟ ಹೊಡೆಸುತ್ತಿದ್ದ. 1667ರಲ್ಲಿ ಆರಂಭವಾದ ಈ ಕೆಲಸ ವರ್ಷಗಟ್ಟಲೆ ನಡೆಯಿತು. ಮಿಲ್ಸ್ ಮತ್ತು ಆಲಿವರ್ ಬರೆದಿಟ್ಟ ಅಳತೆಯ ಪುಸ್ತಕಗಳು ಇಂದಿಗೂ ಉಳಿದಿವೆ. ಹುಕ್‌ನದು ಕಳೆದುಹೋಗಿದೆ. ಕಿಟಕಿ ಮುಚ್ಚಿದ, ಗೋಡೆ ಒತ್ತರಿಸಿದ ತಕರಾರುಗಳಿಗೂ ಇವರೇ ಸ್ಥಳಕ್ಕೆ ಹೋಗಿ ವರದಿ ಕೊಡುತ್ತಿದ್ದರು. 1670ರ ದಶಕದ ಮೊದಲ ವರ್ಷಗಳಲ್ಲೇ ಸುಟ್ಟ ನಗರದ ಬಹುಭಾಗ ಇಟ್ಟಿಗೆಯ ನಗರವಾಗಿ ಎದ್ದು ನಿಂತಿತು.

ಆದರೂ ಒಂದು ಕೊರತೆ ಉಳಿಯಿತು. ಸರ್ವೇಯರ್ ಅಳೆದು ಕೊಟ್ಟದ್ದು ನೆಲವನ್ನು. ಪಾಯದೊಳಗೆ ಏನು ಹೋಯಿತೆಂದು ದಿನವೂ ನಿಂತು ನೋಡುವವರಿರಲಿಲ್ಲ. ಬೆಂಕಿಯ ನಂತರದ ದಶಕಗಳಲ್ಲಿ ಲಂಡನ್ನಿನ ಅತಿ ದೊಡ್ಡ ಕಟ್ಟಡ ವ್ಯಾಪಾರಿಯಾಗಿ ಬೆಳೆದ ನಿಕೊಲಸ್ ಬಾರ್ಬನ್ ಇದಕ್ಕೆ ನಿದರ್ಶನ. ವೈದ್ಯಶಾಸ್ತ್ರ ಓದಿದ್ದ ಈತ ಬೀದಿಗೆ ಬೀದಿಯನ್ನೇ ಕಟ್ಟಿಸಿ ಮಾರಿದ. ಅವನ ಕೆಲವು ಮನೆಗಳು ಅಡಿಪಾಯ ಸಾಲದೆ ಕುಸಿದವು. ಜಗತ್ತಿನ ಮೊದಮೊದಲ ಬೆಂಕಿವಿಮೆ ಕಂಪನಿಗಳಲ್ಲೊಂದನ್ನು 1680ರ ಸುಮಾರಿಗೆ ಸ್ಥಾಪಿಸಿದವನೂ ಅವನೇ ಎಂಬುದು ವಿಚಿತ್ರವಾದರೂ ನಿಜ. 1698ರಲ್ಲಿ ಸಾಯುವಾಗ ತನ್ನ ಸಾಲಗಳಲ್ಲಿ ಒಂದನ್ನೂ ತೀರಿಸಬಾರದೆಂದು ಉಯಿಲು ಬರೆದಿಟ್ಟನಂತೆ.

ಲೈಸೆನ್ಸಿನ ಕಾಲ

ಲಂಡನ್ನಿನಲ್ಲಿ ಹಿಂದೆ ಸರಿದ ‘ಗೊತ್ತಿದ್ದ ಕೆಲಸಗಾರ’ ಎಂಬ ಕಲ್ಪನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಸರ್ಕಾರಿ ಲೈಸೆನ್ಸಿನ ರೂಪದಲ್ಲಿ ಮರಳಿ ಬಂತು. ವಲಸೆ ಬಂದವರಿಂದ ತುಂಬಿದ, ಯಾರು ಯಾರನ್ನೂ ಅರಿಯದ ಊರುಗಳಲ್ಲಿ ಕಟ್ಟುವವನ ಗುರುತನ್ನು ಸರ್ಕಾರವೇ ಹಿಡಿದಿಡಬೇಕಾಯಿತು. ಕ್ಯಾಲಿಫೋರ್ನಿಯಾ 1929ರಲ್ಲಿ ಗುತ್ತಿಗೆದಾರರ ಲೈಸೆನ್ಸ್ ಪದ್ಧತಿಯನ್ನು ತಂದಿತು. ನಾಲ್ಕೇ ವರ್ಷಗಳಲ್ಲಿ ಅದರ ಮಿತಿಯೂ ಗೊತ್ತಾಯಿತು. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಭೂಕಂಪದಲ್ಲಿ ಶಾಲಾ ಕಟ್ಟಡಗಳೇ ಹೆಚ್ಚಾಗಿ ಉರುಳಿದವು. ಮಕ್ಕಳು ಮನೆಗೆ ಹೋಗಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಒಂದೇ ತಿಂಗಳಲ್ಲಿ, ಶಾಲಾ ಕಟ್ಟಡಗಳ ನಕ್ಷೆಯನ್ನೂ ಕೆಲಸವನ್ನೂ ಸರ್ಕಾರಿ ತಜ್ಞರು ಪರೀಕ್ಷಿಸಲೇಬೇಕೆಂಬ ಕಾನೂನು ಬಂತು. ಲೈಸೆನ್ಸ್ ಕಟ್ಟಿದವನು ಯಾರೆಂದು ಹೇಳುತ್ತದೆಯೇ ಹೊರತು ಗೋಡೆ ಗಟ್ಟಿಯಾಗಿದೆಯೆಂದು ಹೇಳುವುದಿಲ್ಲ.

ಇದೇ ಪಾಠವನ್ನು ಫ್ಲಾರಿಡಾ 1992ರಲ್ಲಿ ದುಬಾರಿ ಬೆಲೆ ತೆತ್ತು ಕಲಿಯಿತು. ಆ ವರ್ಷದ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣ ಭಾಗವನ್ನು ಹಾದುಹೋದಾಗ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಛಾವಣಿಯ ಹಲಗೆಗಳು ಏಕೆ ಹಾರಿದವೆಂದು ನೋಡಿದರೆ, ಎಷ್ಟೋ ಕಡೆ ಮೊಳೆಗಳು ಕೆಳಗಿನ ಮರಕ್ಕೆ ತಾಗಿಯೇ ಇರಲಿಲ್ಲ. ಆ ಮನೆಗಳನ್ನು ಕಟ್ಟಿದವರು ಲೈಸೆನ್ಸ್ ಇಲ್ಲದವರೇನಲ್ಲ. ಇನ್‌ಸ್ಪೆಕ್ಟರುಗಳು ದಿನಕ್ಕೆ ಡಜನ್‌ಗಟ್ಟಲೆ ಮನೆ ನೋಡಬೇಕಾಗಿದ್ದುದರಿಂದ ಛಾವಣಿ ಹತ್ತಿ ನೋಡಲು ಪುರಸೊತ್ತಿರಲಿಲ್ಲ. ಈ ದುರಂತದ ಫಲವಾಗಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ರೂಪುಗೊಂಡು 2002ರಲ್ಲಿ ಜಾರಿಗೆ ಬಂತು.

ಚಂಡಮಾರುತದ ಹಿಂದೆಯೇ ಬರುವ ಇನ್ನೊಂದು ಹಿಂಡಿಗೆ ಅಮೆರಿಕದ ಪತ್ರಿಕೆಗಳು ‘ಬಿರುಗಾಳಿಯ ಬೆನ್ನಟ್ಟುವವರು’ ಎಂದು ಹೆಸರಿಟ್ಟಿವೆ. ವಿಮೆಯ ಹಣ ಮನೆಯೊಡೆಯನ ಕೈಸೇರುವ ಹೊತ್ತಿಗೆ ಸರಿಯಾಗಿ ಇವರು ಬೇರೆ ರಾಜ್ಯಗಳಿಂದ ಬಂದು ಬಾಗಿಲು ತಟ್ಟುತ್ತಾರೆ. ಅರ್ಧಕ್ಕೂ ಹೆಚ್ಚು ಹಣ ಮುಂಗಡ ಕೇಳುತ್ತಾರೆ. ಹಳೆಯ ಛಾವಣಿ ಕಿತ್ತು ಹಾಕಿದ ಮೇಲೆ ಕಾಣೆಯಾಗುತ್ತಾರೆ. ಇನ್ನೊಂದು ಬಗೆಯ ಅಪಾಯವೂ ಉಂಟು. ಗುತ್ತಿಗೆದಾರ ತನ್ನ ಕೆಳಗಿನ ಕೆಲಸಗಾರರಿಗೆ, ಸಾಮಾನು ಕೊಟ್ಟ ಅಂಗಡಿಗೆ ಹಣ ಕೊಡದೆ ಓಡಿದರೆ ಅವರು ಆ ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು. ಒಂದೇ ಕೆಲಸಕ್ಕೆ ಮನೆಯೊಡೆಯ ಎರಡು ಸಲ ತೆರಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಕಾನೂನೂ ಬಿಗಿಯಾಗುತ್ತ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿಗೆ ಪಡೆಯುವ ಮುಂಗಡ ಒಟ್ಟು ಮೊತ್ತದ ಶೇ. 10 ಅಥವಾ ಸಾವಿರ ಡಾಲರ್, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರುವಂತಿಲ್ಲ. ಲೈಸೆನ್ಸ್ ಇಲ್ಲದವನು ತನ್ನ ಕೂಲಿಗಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಪಡೆದ ಹಣವನ್ನೂ ಹಿಂದಿರುಗಿಸಬೇಕಾಗಬಹುದು. ವಿಪತ್ತು ಘೋಷಿತವಾದ ಪ್ರದೇಶದಲ್ಲಿ ಲೈಸೆನ್ಸಿಲ್ಲದೆ ಗುತ್ತಿಗೆ ಹಿಡಿದರೆ ಅದು ಸೆರೆವಾಸಕ್ಕೆ ದಾರಿಯಾಗುವ ಗುರುತರ ಅಪರಾಧ. ಫ್ಲಾರಿಡಾದಲ್ಲೂ ಹಾಗೆಯೇ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಿನ ಕಾಳ್ಗಿಚ್ಚಿನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದಾಗ, ಲೈಸೆನ್ಸ್ ಮಂಡಳಿ ಸುಟ್ಟ ಬಡಾವಣೆಗಳಲ್ಲಿ ಎಚ್ಚರಿಕೆಯ ಫಲಕಗಳನ್ನು ನೆಟ್ಟಿತು.

ಆದರೆ ಲಂಡನ್ನಿನ ಹಳೆಯ ಇಕ್ಕಟ್ಟು ಇಲ್ಲಿಯೂ ತಪ್ಪಿಲ್ಲ. ಲೈಸೆನ್ಸ್ ಇದ್ದವರು ಕೆಲವರೇ ಆದಾಗ ಮನೆಯೊಡೆಯ ತಿಂಗಳುಗಟ್ಟಲೆ ಟಾರ್ಪಾಲಿನಡಿ ಕಾಯಬೇಕು. 2017ರ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾ ಸರ್ಕಾರ, ಛಾವಣಿ ಕೆಲಸಕ್ಕೆ ಪ್ರತ್ಯೇಕ ಲೈಸೆನ್ಸ್ ಇಲ್ಲದ ಸಾಮಾನ್ಯ ಕಟ್ಟಡ ಗುತ್ತಿಗೆದಾರರಿಗೂ ತಾತ್ಕಾಲಿಕವಾಗಿ ಆ ಕೆಲಸ ಮಾಡಲು ಅನುಮತಿ ಕೊಟ್ಟಿತು. 1667ರ ಪಾರ್ಲಿಮೆಂಟ್ ತೆರೆದ ಬಾಗಿಲೇ ಅದು, ಅಷ್ಟು ಅಗಲವಾಗಿ ಅಲ್ಲದಿದ್ದರೂ.

ಕಛ್‌ನಲ್ಲಿ ಕಂತಿನ ಲೆಕ್ಕ

ಭಾರತದಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರ ದೊರೆತದ್ದು ಗುಜರಾತಿನಲ್ಲಿ. 2001ರ ಜನವರಿ 26ರ ಬೆಳಿಗ್ಗೆ ಕಛ್ ಜಿಲ್ಲೆಯಲ್ಲಿ ಹುಟ್ಟಿದ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೊಸ ಬಹುಮಹಡಿ ಕಟ್ಟಡಗಳೇ ಕುಸಿದದ್ದು ಜನರ ಸಿಟ್ಟಿಗೆ ಕಾರಣವಾಯಿತು. ಹಲವು ಬಿಲ್ಡರುಗಳ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು.

ಲಕ್ಷಗಟ್ಟಲೆ ಮನೆಗಳನ್ನು ಕಟ್ಟಲು ಲೈಸೆನ್ಸ್ ಉಳ್ಳವರು ಎಲ್ಲಿಂದ ಬರಬೇಕು? ಖಾಸಗಿ ಮನೆ ಕಟ್ಟುವ ಮೇಸ್ತ್ರಿಗೆ ಲೈಸೆನ್ಸ್ ಎಂಬುದೇ ನಮ್ಮಲ್ಲಿ ಇಲ್ಲ. ಹಳ್ಳಿಗಳಲ್ಲಿ ಸರ್ಕಾರ ಮನೆ ಕಟ್ಟಿಸುವ ಅಧಿಕಾರವನ್ನು ಮನೆಯೊಡೆಯನಿಗೇ ಬಿಟ್ಟು, ಹಣವನ್ನು ಮಾತ್ರ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತು. ಸಹಾಯಧನ ಬ್ಯಾಂಕ್ ಖಾತೆಗೆ ಮೂರು ಕಂತುಗಳಲ್ಲಿ, ಶೇ. 40, 40, 20ರಂತೆ ಬರುತ್ತಿತ್ತು. ಮೊದಲ ಕಂತಿನ ಕೆಲಸವನ್ನು ಎಂಜಿನಿಯರ್ ನೋಡಿ, ಭೂಕಂಪ ತಡೆಯುವ ಕಟ್ಟುಪಟ್ಟಿಗಳು ಸರಿಯಾಗಿವೆ ಎಂದು ಬರೆದುಕೊಟ್ಟ ಮೇಲೆಯೇ ಎರಡನೆಯದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾರೆ ಕೆಲಸದವರಿಗೆ ತರಬೇತಿ ಕೊಡಲಾಯಿತು. ಸುಮಾರು ಎರಡು ಲಕ್ಷ ಮನೆಗಳು ಹೊಸದಾಗಿ ಎದ್ದವು.

ಇದರ ಗುಣ ಸರಳವಾದದ್ದು. ಗೋಡೆಗೆ ಗಿಲಾವು ಬಿದ್ದು ಬಣ್ಣ ಬಳಿದ ಮೇಲೆ ಒಳಗೆ ಕಬ್ಬಿಣವಿದೆಯೋ ಇಲ್ಲವೋ ಯಾವ ಪಂಡಿತನಿಗೂ ಕಾಣುವುದಿಲ್ಲ. ಪಾಯ ತೆರೆದಿರುವಾಗ, ಪಟ್ಟಿಯ ಕಂಬಿ ಕಣ್ಣಿಗೆ ಕಾಣುತ್ತಿರುವಾಗಲೇ ನೋಡಬೇಕು, ನೋಡಿದ ಮೇಲೆಯೇ ಹಣ ಕೊಡಬೇಕು. ಹಾಗೆ ಮಾಡಿದರೆ ಮುಂಗಡ ಎತ್ತಿಕೊಂಡು ಓಡುವವನಿಗೆ ಓಡುವಷ್ಟು ಹಣವೇ ಒಟ್ಟಿಗೆ ಸಿಗುವುದಿಲ್ಲ. ಬಾರ್ಬನ್ನನ ಪಾಯಗಳನ್ನೂ ಫ್ಲಾರಿಡಾದ ಮೊಳೆಗಳನ್ನೂ ನೋಡದೆ ಬಿಟ್ಟ ಕಣ್ಣು ಇಲ್ಲಿ ಸಮಯಕ್ಕೆ ಸರಿಯಾಗಿ ತೆರೆದಿತ್ತು.

ಕರ್ನಾಟಕದ ಮನೆಯೊಡೆಯನ ಸ್ಥಿತಿ

ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಲಾತೂರ್ ಭೂಕಂಪ ಸಂಭವಿಸಿದ್ದು ಗಡಿಯ ಆಚೆಗಷ್ಟೆ. 2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತ ಅಪಾರ ಸಂಖ್ಯೆಯ ಸಂಸಾರಗಳಿಗೆ ಮತ್ತೆ ಮನೆ ಕಟ್ಟುವ ಕಷ್ಟವನ್ನು ತಂದವು.

ಕಾನೂನಿನ ನೆರವು ಇಲ್ಲವೆಂದಲ್ಲ. 1993ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಮನೆ ನಿರ್ಮಾಣವೂ ‘ಸೇವೆ’ ಎನಿಸಿತು. ಅಂದಿನಿಂದ ಕಳಪೆ ಕೆಲಸಕ್ಕಾಗಿ ಗ್ರಾಹಕ ವೇದಿಕೆಗೆ ದೂರು ಕೊಡಬಹುದಾಗಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ದೊಡ್ಡ ವಸತಿ ಯೋಜನೆಗಳ ನಿರ್ಮಾಪಕರು ನೋಂದಾಯಿಸಿಕೊಳ್ಳಬೇಕೆಂದೂ, ಮನೆ ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಂಡ ರಚನಾದೋಷವನ್ನು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕೆಂದೂ ಹೇಳುತ್ತದೆ. ಹಮ್ಮುರಾಬಿಯ ಕಟ್ಟಳೆಯ ಒಂದು ಎಳೆ ಇದರಲ್ಲಿ ಕಾಣುತ್ತದೆ. ಆದರೆ ತನ್ನ ನಿವೇಶನದಲ್ಲಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟು ಮನೆ ಕಟ್ಟಿಸುವ ಸಾಮಾನ್ಯನಿಗೆ ಈ ಕಾಯ್ದೆ ಒದಗುವುದಿಲ್ಲ.

ವಿಪರ್ಯಾಸವೆಂದರೆ, ಅದೇ ಮನೆಗೆ ವೈರಿಂಗ್ ಮಾಡುವವನಿಗೆ ಪರವಾನಗಿ ಬೇಕು. ವಾಸ್ತುಶಿಲ್ಪಿ ಎಂದು ಫಲಕ ಹಾಕಿಕೊಳ್ಳಲು ನೋಂದಣಿ ಬೇಕು. ಸರ್ಕಾರಿ ಕಟ್ಟಡದ ಗುತ್ತಿಗೆ ಹಿಡಿಯಲು ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆವಾರು ನೋಂದಣಿ ಬೇಕು. ಒಂದು ಸಂಸಾರದ ಜೀವಮಾನದ ಉಳಿತಾಯವನ್ನು ಕೈಗೆತ್ತಿಕೊಂಡು ಅವರ ತಲೆಯ ಮೇಲೆ ತಾರಸಿ ಹಾಕುವವನಿಗೆ ಮಾತ್ರ ಏನೂ ಬೇಡ.

ಹಾಗೆಂದು ಊರಿನ ಪ್ರತಿಯೊಬ್ಬ ಮೇಸ್ತ್ರಿಯೂ ಲೈಸೆನ್ಸ್ ಪಡೆಯಲಿ ಎನ್ನುವುದು ಸುಲಭದ ಪರಿಹಾರವೂ ಅಲ್ಲ. ಓದು ಬರಹ ಬಾರದಿದ್ದರೂ ಕಸುಬು ಬಲ್ಲ ನೂರಾರು ಜನ ಅದರಿಂದ ಹೊರಗುಳಿಯಬಹುದು. ಲಂಡನ್ನಿನ ಸರ್ವೇಯರುಗಳು, ಕ್ಯಾಲಿಫೋರ್ನಿಯಾದ ಮುಂಗಡದ ಮಿತಿ, ಕಛ್‌ನ ಕಂತುಗಳು ಸೂಚಿಸುವ ದಾರಿ ಇನ್ನೂ ಹತ್ತಿರದ್ದು. ಕಟ್ಟುವವನು ಯಾರು, ನಾಳೆ ಎಲ್ಲಿ ಸಿಗುತ್ತಾನೆ ಎಂಬುದು ಬರವಣಿಗೆಯಲ್ಲಿ ಇರಬೇಕು. ಹಣ ಕೆಲಸದ ಹಿಂದೆ ಹೋಗಬೇಕು, ಮುಂದೆ ಅಲ್ಲ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುಂಚೆ ಬಲ್ಲವರೊಬ್ಬರು ನೋಡಬೇಕು. ಈ ಏರ್ಪಾಡುಗಳನ್ನು ನೆರೆ ಬಂದ ಮೇಲೆ ಹುಡುಕುವುದಕ್ಕಿಂತ, ಹೊಳೆ ಶಾಂತವಾಗಿ ಹರಿಯುತ್ತಿರುವಾಗಲೇ ಮಾಡಿಟ್ಟುಕೊಳ್ಳುವುದು ಮೇಲು. ಸೂರು ಕಳೆದುಕೊಂಡವನಿಗೆ ಆ ಹೊತ್ತಿನಲ್ಲಿ ಮೇಸ್ತ್ರಿಯ ಪೂರ್ವಾಪರ ವಿಚಾರಿಸುವ ವ್ಯವಧಾನ ಇರುವುದಿಲ್ಲ. ಅವನ ಪರವಾಗಿ ಮೊದಲೇ ವಿಚಾರಿಸಿಡುವುದು ಊರಿನ ಕೆಲಸ.